ತಡೆಯಲು ಕಲಿತವನಿಗೆ ಅಂಜಿಕೆಯಿಲ್ಲ

ಮುಷ್ಟಿಕಾಳಗವೆಂದೊಡನೆ ನಮ್ಮಲ್ಲಿ ಹಲವರಿಗೆ ಮೈಸೂರು ದಸರೆಯ ವಜ್ರಮುಷ್ಟಿ ನೆನಪಾಗುತ್ತದೆ. ಮೊದಲ ರಕ್ತದ ಹನಿ ಕಂಡೊಡನೆ ಮುಗಿಯುವ ಆ ಕಾಳಗ ಜಟ್ಟಿಗಳ ವಿದ್ಯೆ; ಸಂಸಾರಸ್ಥರಾದ ನಮಗೆ ಅದರ ಗೊಡವೆ ಏಕೆಂದು ದೂರ ಸರಿಯುತ್ತೇವೆ. ಆದರೆ ಬಾಕ್ಸಿಂಗಿನ ಚರಿತ್ರೆಯಲ್ಲಿ ಸಾಮಾನ್ಯರಿಗೆ ಸಲ್ಲುವ ಅಧ್ಯಾಯವೊಂದುಂಟು.

ಡೇನಿಯಲ್ ಮೆಂಡೋಜಾ ಹದಿನೆಂಟನೆಯ ಶತಮಾನದ ಲಂಡನ್ನಿನ ಯಹೂದಿ. ಎತ್ತರ ಕೇವಲ ಐದಡಿ ಏಳು ಅಂಗುಲ. ಅಂದಿನ ಮಲ್ಲರು ಎದುರುಬದುರು ನಿಂತು ಬಡಿದಾಡುತ್ತಿದ್ದರೆ, ಈತ ಏಟನ್ನು ತಡೆದ, ತಪ್ಪಿಸಿಕೊಂಡ, ಪಕ್ಕಕ್ಕೆ ಸರಿದ. ಹೇಡಿತನವೆಂದು ಜರೆದವರೂ ಇದ್ದರು. ಆದರೂ 1788ರಲ್ಲಿ ತನ್ನನ್ನು ಸೋಲಿಸಿದ ರಿಚರ್ಡ್ ಹಂಫ್ರೀಸನನ್ನು 1789 ಮತ್ತು 1790ರಲ್ಲಿ ಗೆದ್ದ. ಶಾಲೆ ತೆರೆದು ಈ ವಿದ್ಯೆಯನ್ನು ಇತರರಿಗೂ ಕಲಿಸಿದ. ಯಹೂದಿ ಯುವಕರು ಕಲಿತ ಮೇಲೆ ಬೀದಿಯಲ್ಲಿ ಅವರನ್ನು ಕಾಡುವುದು ಕಡಿಮೆಯಾಯಿತೆಂದು ಆ ಕಾಲದ ಫ್ರಾನ್ಸಿಸ್ ಪ್ಲೇಸ್ ಬರೆದಿಟ್ಟಿದ್ದಾನೆ.

ಪರಊರಿನಲ್ಲಿ ಮಕ್ಕಳನ್ನು ಬೆಳೆಸುವ ನಮಗೆ ಇದರಿಂದ ಕಲಿಯುವುದು ಬಹಳವಿದೆ. ಮೊದಲ ಪಾಠ ನಿಲುವಿನದು. ಬಲಗೈ ಬಳಕೆಯವರು ಎಡಗಾಲನ್ನು ಮುಂದಿಟ್ಟು, ಬಲಹಿಮ್ಮಡಿಯನ್ನು ತುಸು ಎತ್ತಿ, ಮೊಣಕಾಲು ಸಡಿಲ ಬಿಡಬೇಕು. ಗಲ್ಲ ತಗ್ಗಲಿ, ಕೈಗಳು ಕೆನ್ನೆಯ ಬಳಿ ಇರಲಿ, ಮೊಣಕೈಗಳು ಪಕ್ಕೆಯನ್ನು ಕಾಯಲಿ. ನೇರ ಬರುವ ಮುಷ್ಟಿಯನ್ನು ಅಂಗೈಯಿಂದ ಪಕ್ಕಕ್ಕೆ ತಳ್ಳಿದರೆ ಸಾಕು. ಅದನ್ನು ಹಿಂಬಾಲಿಸಿ ಕೈ ದೂರ ಹೋದರೆ ಮುಖ ಬಯಲಾಗುತ್ತದೆ. ಬೀಸಿ ಬರುವ ಏಟಿಗೆ ಮುಂದೋಳನ್ನು ಕಿವಿಗೆ ಅಡ್ಡವಾಗಿ ಹಿಡಿಯಬೇಕು. ಬಳಿಕ ಪಕ್ಕಕ್ಕೆ ಒಂದು ಹೆಜ್ಜೆ. ಕಾಲಿಗೆ ಕಾಲು ಅಡ್ಡ ಬರಬಾರದು. ಇಷ್ಟಕ್ಕಿಂತಲೂ ಕಷ್ಟವಾದದ್ದು ಏಟು ಬರುವಾಗ ಕಣ್ಣು ಮುಚ್ಚದಿರುವುದು. ಅದು ಅಭ್ಯಾಸದಿಂದಲೇ ಬರತಕ್ಕದ್ದು.

ಅಭ್ಯಾಸಕ್ಕೆ ಇಬ್ಬರು ಸಾಕು. ತೆರೆದ ಅಂಗೈಯಿಂದ ಒಬ್ಬರು ಮತ್ತೊಬ್ಬರ ಭುಜ ಮುಟ್ಟಲು ಯತ್ನಿಸುವುದು, ಮತ್ತೊಬ್ಬರು ತಡೆಯುವುದು. ತಲೆಗೆ ಹೊಡೆಯುವ ಆಟ ಬೇಡ. ಪದೇ ಪದೇ ಬೀಳುವ ಪೆಟ್ಟು ಮಿದುಳಿಗೆ ಕೇಡು, ಕೈಗವಸು ಅದನ್ನು ತಪ್ಪಿಸಲಾರದು. ಬಲ್ಲವರೊಬ್ಬರು ಬಳಿಯಿದ್ದು ತಿದ್ದಿದರೆ ಇನ್ನೂ ಒಳ್ಳೆಯದು. ಇದು ಹುಡುಗರಿಗಷ್ಟೇ ಎನ್ನುವವರಿಗೆ 2012ರ ಲಂಡನ್ ಒಲಿಂಪಿಕ್ಸಿನಲ್ಲಿ ಕಂಚು ಗೆದ್ದ ಮೇರಿ ಕೋಮ್ ಅವರೇ ಉತ್ತರ.

ಎದುರಾಳಿಯ ಕೈಯಲ್ಲಿ ಚೂರಿಯಿದ್ದರೆ ಈ ವಿದ್ಯೆ ಸಾಲದು. ಹಣದ ಚೀಲ ಹೋದರೆ ಹೋಗಲಿ, ಜೀವ ಉಳಿಸಿಕೊಳ್ಳಬೇಕು. ಚೂರಿಯಿಲ್ಲದಾಗಲೂ ಗುರಿ ಗೆಲುವಲ್ಲ. ಏಟು ತಪ್ಪಿಸಿಕೊಂಡು ಮನೆ ಸೇರುವುದು. ಹೆದರಿ ಕೈ ಎತ್ತುವವರೇ ಹೆಚ್ಚು. ತಡೆಯಬಲ್ಲೆನೆಂಬ ಧೈರ್ಯವುಳ್ಳವನು ಮಾತಿನಲ್ಲೇ ಜಗಳ ಮುಗಿಸಬಲ್ಲ. ನಮ್ಮ ಮಕ್ಕಳಿಗೆ ಆ ಧೈರ್ಯವನ್ನು ಕಲಿಸೋಣ.