ಗಾಳಿಗೆ ಎದುರಾಗಿ ಒಂಟಿ ಹಾಯಿ

ಕೊಡಗಿಗೆ ಕಡಲಿಲ್ಲ. ಆದರೂ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನ ಹಾಯಿದೋಣಿ ಸ್ಪರ್ಧೆಯಲ್ಲಿ ಕೊಡವ ಮನೆತನದ ಹೆಸರೊಂದಿತ್ತು: ಕೇಳಪಂಡ ಚೆಂಗಪ್ಪ ಗಣಪತಿ. ಚೆನ್ನೈನ ಗಣಪತಿ, ವರುಣ್ ಠಕ್ಕರ್ ಜೊತೆಗೂಡಿ ಫಾರ್ಟಿನೈನರ್ ವರ್ಗದಲ್ಲಿ 17ನೇ ಸ್ಥಾನ ಪಡೆದರು. 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಇದೇ ಜೋಡಿ ಕಂಚು ಗೆದ್ದಿತ್ತು. ಫಾರ್ಟಿನೈನರ್ ಇಬ್ಬರು ನಡೆಸುವ ದೋಣಿ. ಒಬ್ಬರೇ ನಡೆಸುವ ಲೇಸರ್ ಇನ್ನೂ ಚಿಕ್ಕದು. ಉದ್ದ 4.2 ಮೀಟರ್, ಒಡಲಿನ ತೂಕ 60 ಕಿಲೋಗಿಂತ ತುಸು ಕಡಿಮೆ, ಒಂದೇ ಹಾಯಿ. ಟೋಕಿಯೊದಲ್ಲಿ ನೇತ್ರಾ ಕುಮನನ್ ಮತ್ತು ವಿಷ್ಣು ಸರವಣನ್ ಸ್ಪರ್ಧಿಸಿದ್ದು ಈ ಬಗೆಯ ದೋಣಿಯಲ್ಲೇ. ಇದರಲ್ಲಿ ಒಂದು ಕೈ ಚುಕ್ಕಾಣಿಗೆ, ಇನ್ನೊಂದು ಹಾಯಿಯ ಹಗ್ಗಕ್ಕೆ. ದೋಣಿಯನ್ನು ಸಮವಾಗಿ ನಿಲ್ಲಿಸುವ ಭಾರವೆಂದರೆ ಕೂತವರ ಮೈಭಾರವೇ.

ಇಂಥ ದೋಣಿಗೆ ಬೇಕಾದ್ದು ಅಬ್ಬರದ ಕಡಲಲ್ಲ, ಅಳಿವೆ. ಕೊಡಗಿನ ಕಾಡಿನಲ್ಲಿ ಹುಟ್ಟುವ ಪಯಸ್ವಿನಿ ಸುಳ್ಯವನ್ನು ದಾಟಿ, ಕಾಸರಗೋಡಿನಲ್ಲಿ ಚಂದ್ರಗಿರಿ ಹೊಳೆಯೆನಿಸಿಕೊಂಡು, ಅದೇ ಹೆಸರಿನ ಕೋಟೆಯ ಬಳಿ ಅಗಲವಾಗಿ ಅರಬ್ಬಿ ಸಮುದ್ರ ಸೇರುತ್ತದೆ. ಅಲೆ ದೊಡ್ಡದಾಗಬೇಕಾದರೆ ಗಾಳಿಗೆ ಮೈಲುಗಟ್ಟಲೆ ತೆರೆದ ನೀರು ಬೇಕು. ಅಳಿವೆಯೊಳಗೆ ದಡ ಹತ್ತಿರವೇ ಇರುವುದರಿಂದ ಗಾಳಿ ಜೋರಾಗಿದ್ದರೂ ಅಲೆ ಕಿರಿದಾಗಿಯೇ ಉಳಿಯುತ್ತದೆ.

ಬೇಸಿಗೆಯಲ್ಲಿ ಅಲ್ಲಿಯ ಗಾಳಿ ಒಂದು ವೇಳಾಪಟ್ಟಿ ಪಾಲಿಸುತ್ತದೆ. ರಾತ್ರಿ ನೆಲ ಬೇಗ ತಣಿಯುತ್ತದೆ, ಕಡಲು ಬೆಚ್ಚಗೇ ಇರುತ್ತದೆ. ಹಾಗಾಗಿ ಬೆಳಗಿನ ಜಾವ ಗಾಳಿ ಘಟ್ಟದ ಕಡೆಯಿಂದ ಕಡಲಿಗೆ ಮೆಲ್ಲನೆ ಬೀಸುತ್ತದೆ. ಬಿಸಿಲೇರಿದಂತೆ ಅದು ನಿಂತು, ನೀರು ಕನ್ನಡಿಯಾಗುತ್ತದೆ. ಆಮೇಲೆ ಕಾದ ನೆಲದ ಮೇಲಿನ ಗಾಳಿ ಹಗುರಾಗಿ ಮೇಲೇರಲು ತೊಡಗಿ, ಆ ಜಾಗಕ್ಕೆ ಕಡಲ ಮೇಲಿನ ತಂಪು ಗಾಳಿ ನುಗ್ಗುತ್ತದೆ. ಮಧ್ಯಾಹ್ನದ ನಂತರ ಇದರ ಬಲ ಹೆಚ್ಚು. ಭೂಮಿಯ ತಿರುಗುವಿಕೆಯಿಂದಾಗಿ ಪಶ್ಚಿಮದ ಈ ಗಾಳಿ ಸಂಜೆಯ ಹೊತ್ತಿಗೆ ವಾಯವ್ಯಕ್ಕೆ ವಾಲುತ್ತದೆ. ಎಂಜಿನ್ ಬರುವ ಮೊದಲು ನಮ್ಮ ಕರಾವಳಿಯ ಮೀನುಗಾರರು ನಸುಕಿನ ನೆಲಗಾಳಿಯಲ್ಲಿ ಹೊರಟು, ಮಧ್ಯಾಹ್ನದ ಕಡಲಗಾಳಿಯಲ್ಲಿ ಮರಳುತ್ತಿದ್ದರು. ಹವಾಮಾನ ವಿಜ್ಞಾನದ ಒಂದು ಇಡೀ ಪಾಠ ಅವರ ದಿನಚರಿಯಲ್ಲೇ ಇತ್ತು.

ಗಾಳಿ ಪಶ್ಚಿಮದಿಂದ ಬೀಸುವಾಗ ಅದೇ ಗಾಳಿ ಹಿಡಿದು ಪಶ್ಚಿಮದತ್ತ ಹೋಗಬಹುದು ಎಂದರೆ ಮೊದಲ ಸಲ ಕೇಳಿದವರು ನಂಬುವುದಿಲ್ಲ. ನನಗಂತೂ ಹಾಯಿಯ ವಿಷಯದಲ್ಲಿ ಇದಕ್ಕಿಂತ ಸೊಗಸಾದ ಸಂಗತಿ ಬೇರೆ ಇಲ್ಲ. ಗಾಳಿಗೆ ಓರೆಯಾಗಿ ಹಿಡಿದ ಹಾಯಿ ಬಾಗಿ ನಿಲ್ಲುತ್ತದೆ. ಅದರ ಎರಡೂ ಮೈ ಸವರಿ ಹೋಗುವ ಗಾಳಿ ದಿಕ್ಕು ಬದಲಿಸುತ್ತದೆ. ಹಾಯಿ ಗಾಳಿಯನ್ನು ಒಂದು ಕಡೆ ತಿರುಗಿಸಿದರೆ, ಗಾಳಿ ಹಾಯಿಯನ್ನು ಇನ್ನೊಂದು ಕಡೆ ಒತ್ತುತ್ತದೆ. ನ್ಯೂಟನ್ ಹೇಳಿದ ಕ್ರಿಯೆ ಪ್ರತಿಕ್ರಿಯೆ ಇದೇ. ಈ ಒತ್ತಡದ ಬಹುಪಾಲು ದೋಣಿಯನ್ನು ಪಕ್ಕಕ್ಕೆ ನೂಕುತ್ತದೆ, ಸ್ವಲ್ಪ ಪಾಲು ಮಾತ್ರ ಮುಂದಕ್ಕೆ. ಪಕ್ಕದ ನೂಕನ್ನು ತಡೆಯುವುದು ದೋಣಿಯ ತಳದಿಂದ ನೀರಿಗೆ ಇಳಿಬಿಟ್ಟ ಹಲಗೆ. ಒದ್ದೆ ಹಲಸಿನ ಬೀಜವನ್ನು ಎರಡು ಬೆರಳ ನಡುವೆ ಒತ್ತಿದರೆ ಮುಂದಕ್ಕೆ ಚಿಮ್ಮುವ ಹಾಗೆ, ಗಾಳಿ ಮತ್ತು ನೀರಿನ ನಡುವೆ ಸಿಕ್ಕ ದೋಣಿ ಮುಂದೆ ಸಾಗುತ್ತದೆ. ನೇರ ಗಾಳಿಯ ಮುಖಕ್ಕೆ ಹೋಗಲು ಮಾತ್ರ ಆಗದು. ಸುಮಾರು 45 ಡಿಗ್ರಿ ಓರೆಯಲ್ಲಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹೊರಳುತ್ತಾ ಹತ್ತಬೇಕು, ಮಡಿಕೇರಿ ಘಟ್ಟದ ರಸ್ತೆಯಂತೆಯೇ.

ಹಾಯಿಗೆ ಗಾಳಿ, ಹಲಗೆಗೆ ನೀರು ಕೊಡುವ ಒತ್ತಡಗಳು ಒಂದೇ ಎತ್ತರದಲ್ಲಿಲ್ಲ, ಒಂದು ಮೇಲೆ, ಒಂದು ಕೆಳಗೆ. ಆದ್ದರಿಂದ ದೋಣಿ ವಾಲುತ್ತದೆ. ಆಗ ಗಾಳಿ ಬರುವ ಬದಿಯ ಅಂಚಿನಿಂದ ಹೊರಕ್ಕೆ ಬೆನ್ನು ಬಾಗಿಸಿ ಕೂರಬೇಕು. ಮಗುಚಿದರೂ ಹೆದರಬೇಕಿಲ್ಲ. ಕೆಳಗಿನ ಹಲಗೆಯ ಮೇಲೆ ನಿಂತು, ದೋಣಿಯ ಅಂಚು ಹಿಡಿದು ಎಳೆದರೆ ಮೈಭಾರವೇ ಅದನ್ನು ಎಬ್ಬಿಸುತ್ತದೆ.

ಹಾರಂಗಿಯಂಥ ಬೆಟ್ಟದ ನಡುವಿನ ಹಿನ್ನೀರಿನಲ್ಲಿ ಅಲೆ ಇನ್ನೂ ಸಣ್ಣದು, ಆದರೆ ಗಾಳಿ ಮೊಂಡು. ಗುಡ್ಡಕ್ಕೆ ಬಡಿದು ಸುಳಿಯಾಗುವ ಗಾಳಿ ಒಂದು ಗಳಿಗೆ ಸತ್ತು, ಮರುಗಳಿಗೆ ಬೇರೆ ದಿಕ್ಕಿನಿಂದ ಎರಗುತ್ತದೆ. ನೀರಿನ ಮೇಲೆ ಓಡಿಬರುವ ಕಪ್ಪು ಸುಕ್ಕುಗಳನ್ನು ಕಂಡಾಗಲೇ ಹಗ್ಗ ಸಡಿಲಿಸುವ ಕಣ್ಣು ಬೇಕು.

ಅಳಿವೆಯಲ್ಲಿ ಗಾಳಿಯಷ್ಟೇ ಇಳಿತವನ್ನೂ ಗಮನಿಸಿ. ಇಳಿತದ ನೀರು ಹೊರಕ್ಕೆ ಓಡುತ್ತಾ, ಕಡಲಗಾಳಿ ಒಳಕ್ಕೆ ಬೀಸುತ್ತಾ ಎದುರಾದಾಗ ಅಳಿವೆಯ ಬಾಯಲ್ಲಿ ಗಿಡ್ಡ, ಕಡಿದಾದ ಅಲೆಗಳು ಏಳುತ್ತವೆ. ಸಣ್ಣ ದೋಣಿಗೆ ಅದೇ ಅತ್ಯಂತ ಅಪಾಯದ ಜಾಗ. ಕಲಿಯುವವರು ನೆಲದಿಂದ ಕಡಲಿಗೆ ಬೀಸುವ ಗಾಳಿಯಲ್ಲಿ ಹೊರಡಬಾರದು. ಸೋತರೆ ಅದು ದಡದಿಂದ ದೂರ ಒಯ್ಯುತ್ತದೆ. ಮೊದಲು ಗಾಳಿಗೆ ಎದುರಾಗಿ ಹೋಗಿ, ದಣಿದ ಮೇಲೆ ಗಾಳಿಯ ಜೊತೆ ಮರಳಿ. ಜೀವರಕ್ಷಕ ಜಾಕೆಟ್ ಬಿಗಿದುಕೊಳ್ಳಿ, ಮರಳುವ ಹೊತ್ತನ್ನು ದಡದಲ್ಲಿರುವ ಒಬ್ಬರಿಗೆ ಹೇಳಿಯೇ ಹೊರಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರಿನ ಹೊಳೆ ಕಡಲಿಗೆ ನುಗ್ಗುವಾಗ ಅಳಿವೆಗೆ ದೋಣಿ ಇಳಿಸಲೇಬೇಡಿ.