ಎರಡು ಮುದ್ರೆಯ ನಾಣ್ಯ

ಸ್ನೀಕರ್ ಜೋಡಿಯನ್ನು ಕಾಲಿಗೆ ಸೋಕಿಸದೆ ಪೆಟ್ಟಿಗೆಯಲ್ಲೇ ಜೋಪಾನ ಮಾಡುವವರನ್ನು ಕಂಡು ಬೆರಗಾಗುವವರಿಗೂ ನಾಣ್ಯ ಸಂಗ್ರಹ ಗೌರವದ ಹವ್ಯಾಸ. ನಿಜಕ್ಕೂ ಎರಡರ ಸೆಳೆತ ಒಂದೇ: ಎಲ್ಲರಲ್ಲಿ ಇಲ್ಲದ್ದು ನನ್ನಲ್ಲಿದೆ ಎಂಬ ಸುಖ, ಸಾಲಿನಲ್ಲಿ ತಪ್ಪಿಹೋದ ಒಂದಕ್ಕಾಗಿ ಹಂಬಲ. ಆದರೆ ಶೂವಿನ ಪಾಲಿಯುರೆಥೇನ್ ಅಟ್ಟೆ ಕಾಲಕ್ರಮೇಣ ತೇವಕ್ಕೆ ಪುಡಿಯಾದರೆ ನಷ್ಟ ಕೊಂಡವನೊಬ್ಬನದೇ. ಹಳೆಯ ನಾಣ್ಯದ ಬೆಲೆಯಲ್ಲಿ ಒಂದು ಪಾಲನ್ನು ನಾವೆಲ್ಲ ತೆರುತ್ತೇವೆ. ಅದು ಹೇಗೆಂದು ನಾಸಿಕದ ಮಣ್ಣು ಬಿಡಿಸಿ ಹೇಳುತ್ತದೆ.

1906ರಲ್ಲಿ ನಾಸಿಕದ ಬಳಿಯ ಜೋಗಲ್ಟೆಂಭಿಯಲ್ಲಿ 13,000ಕ್ಕೂ ಹೆಚ್ಚು ಬೆಳ್ಳಿ ನಾಣ್ಯಗಳ ನಿಧಿ ಸಿಕ್ಕಿತು. ಎಲ್ಲವೂ ಕ್ಷಹರಾತ ದೊರೆ ನಹಪಾನನವು. ಒಂದು ಬದಿ ಅವನ ಮುಖ, ಅಂಚಿನಲ್ಲಿ ಗ್ರೀಕ್ ಅಕ್ಷರ, ಇನ್ನೊಂದು ಬದಿ ಬ್ರಾಹ್ಮಿ ಮತ್ತು ಖರೋಷ್ಠಿ. ಇವುಗಳಲ್ಲಿ 9,000ಕ್ಕೂ ಹೆಚ್ಚು ನಾಣ್ಯಗಳ ಮೇಲೆ ಶಾತವಾಹನ ಗೌತಮೀಪುತ್ರ ಶಾತಕರ್ಣಿ ತನ್ನ ಬೆಟ್ಟದ ಗುರುತನ್ನು ಮತ್ತೆ ಒತ್ತಿಸಿದ್ದ. ಸೋತವನ ಮುಖದ ಮೇಲೆ ಗೆದ್ದವನ ಮುದ್ರೆ! ನಾಸಿಕದ ಪಾಂಡವಲೇಣಿ ಗುಹೆಯಲ್ಲಿ ಗೌತಮೀಪುತ್ರನ ತಾಯಿ ಬಲಶ್ರೀ ಕೆತ್ತಿಸಿದ ಶಾಸನ, ಮಗ ಕ್ಷಹರಾತರ ವಂಶವನ್ನು ಬೇರುಸಹಿತ ಕಿತ್ತನೆಂದು ಹೊಗಳುತ್ತದೆ. ಬರಿಯ ಶಾಸನವಿದ್ದಿದ್ದರೆ ತಾಯಿಯ ಅಭಿಮಾನವೆಂದು ತಳ್ಳಿಹಾಕಬಹುದಿತ್ತು. ಒಂದೇ ಕಡೆ ಸಿಕ್ಕ ಸಾವಿರಾರು ನಾಣ್ಯಗಳು ಆ ಮಾತಿಗೆ ಸಾಕ್ಷಿಯಾದವು. ಕನ್ನಡಿಗರಿಗೂ ಇದು ದೂರದ ಕತೆಯಲ್ಲ: ಅದೇ ಗುಹೆಯಲ್ಲಿರುವ ಗೌತಮೀಪುತ್ರನ ಆಜ್ಞೆಯೊಂದು ವೈಜಯಂತಿಯ ಸೇನೆಯನ್ನು ಹೆಸರಿಸುತ್ತದೆ, ಆ ವೈಜಯಂತಿಯನ್ನು ಹಲವು ವಿದ್ವಾಂಸರು ನಮ್ಮ ಬನವಾಸಿಯೆಂದೇ ಗುರುತಿಸುತ್ತಾರೆ.

ಆ ನಿಧಿ ಹತ್ತು ಜನರ ಕೈಗೆ ಹಂಚಿಹೋಗಿ, ಒಂದೊಂದೇ ನಾಣ್ಯ ಬೇರೆ ಬೇರೆ ಊರಿನ ಅಂಗಡಿಯಲ್ಲಿ ಮಾರಾಟವಾಗಿದ್ದರೆ? ಎಷ್ಟರಲ್ಲಿ ಎಷ್ಟು ಮರುಮುದ್ರೆ ಪಡೆದವು, ಯಾವುದು ಸವೆದಿತ್ತು, ಯಾವುದು ಹೊಸದಾಗಿತ್ತು ಎಂಬ ಲೆಕ್ಕವೇ ಉಳಿಯುತ್ತಿರಲಿಲ್ಲ. ಇದು ಎಲ್ಲ ಕಾಲದ ನಾಣ್ಯಕ್ಕೂ ಅನ್ವಯಿಸುವ ಮಾತು. ಛತ್ರಪತಿ ಸಂಭಾಜಿನಗರದ ಪಕ್ಕದ ದೌಲತಾಬಾದಿಗೆ ಮಹಮ್ಮದ್ ಬಿನ್ ತುಘಲಕ್ 1327ರ ಸುಮಾರಿಗೆ ರಾಜಧಾನಿಯನ್ನು ಸಾಗಿಸಿದ. ಎರಡು ಮೂರು ವರ್ಷಗಳಲ್ಲೇ ಬೆಳ್ಳಿಯ ಬದಲು ಹಿತ್ತಾಳೆ, ತಾಮ್ರದ ನಾಣ್ಯಗಳನ್ನು ಚಲಾವಣೆಗೆ ತಂದ. ಜನ ಮನೆಮನೆಯಲ್ಲೂ ಅವನ್ನು ನಕಲು ಮಾಡಿದರೆಂದು ಅಂದಿನ ಇತಿಹಾಸಕಾರರು ಬರೆದಿದ್ದಾರೆ. ಇಂದು ಅಂಥ ಒಂದು ಬಿಲ್ಲೆ ಕೈಗೆ ಬಂದರೆ ಅದು ಸುಲ್ತಾನನ ಟಂಕಸಾಲೆಯದೋ, ಆ ಕಾಲದ ನಕಲಿಯೋ, ಇತ್ತೀಚೆಗೆ ಅಚ್ಚು ಹಾಕಿದ್ದೋ ಎಂದು ತೀರ್ಮಾನಿಸಲು ಲೋಹದ ಪರೀಕ್ಷೆಯ ಜೊತೆಗೆ ಅದು ಸಿಕ್ಕ ಜಾಗವೂ ಬೇಕು. ಜಾಗ ಗೊತ್ತಿಲ್ಲದ ನಾಣ್ಯ ವಿಳಾಸ ಹರಿದ ಕಾಗದದಂತೆ. ಹೊಳಪು ಬರಲೆಂದು ಆಮ್ಲದಲ್ಲಿ ತಿಕ್ಕಿ ತೊಳೆದರಂತೂ ಶತಮಾನಗಳ ಪಾಚಿಬಣ್ಣದ ಪದರವೂ ಹೋಗುತ್ತದೆ.

ಸಂಗ್ರಾಹಕರು ಇದಕ್ಕೆ ಕೊಡುವ ಉತ್ತರ ಹಗುರವಾದುದಲ್ಲ. ಅವರು ಕೊಳ್ಳದಿದ್ದರೆ ನಾಣ್ಯ ಅಕ್ಕಸಾಲಿಗನ ಮೂಸೆಗೆ ಬೀಳುತ್ತಿತ್ತು, ಎಷ್ಟೋ ಬಗೆಯ ನಾಣ್ಯಗಳು ಉಳಿದಿರುವುದೇ ಖಾಸಗಿ ಆಸಕ್ತಿಯಿಂದ. ನಾಸಿಕದ ಬಳಿ ಅಂಜನೇರಿಯಲ್ಲಿ 1980ರಲ್ಲಿ ಆರಂಭವಾದ ನಾಣ್ಯಶಾಸ್ತ್ರ ಸಂಶೋಧನಾ ಸಂಸ್ಥೆ ಇದಕ್ಕೆ ಪುರಾವೆ. ವಿದ್ವಾಂಸ ಪರಮೇಶ್ವರಿ ಲಾಲ್ ಗುಪ್ತ ಅವರ ಜೊತೆ ಅದನ್ನು ಕಟ್ಟಿದ ಕೆ. ಕೆ. ಮಾಹೇಶ್ವರಿ ನಾಣ್ಯಪ್ರೇಮಿಯೇ. ಮೂಸೆಯ ಮಾತು ನಿಜ, ಅದರ ಹಿಂದೆ ಕಾನೂನಿನ ತಪ್ಪೂ ಇದೆ. 1878ರ ನಿಧಿ ಕಾಯ್ದೆಯ ಪ್ರಕಾರ ಹತ್ತು ರೂಪಾಯಿ ಮೀರಿದ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ಸರ್ಕಾರ ಅದನ್ನು ವಶಪಡಿಸಿಕೊಂಡರೆ ಕೊಡುವುದು ಲೋಹದ ಬೆಲೆ, ಅದರ ಮೇಲೆ ಐದನೆಯ ಒಂದು ಭಾಗ. ಮಾರುಕಟ್ಟೆಯಾದರೋ ಇತಿಹಾಸಕ್ಕೆ ಬೆಲೆ ಕಟ್ಟುತ್ತದೆ. ನೇಗಿಲಿಗೆ ಮಡಕೆ ತಾಗಿದ ಬಡ ರೈತ ಮಧ್ಯವರ್ತಿಯ ಬಳಿ ಹೋದರೆ ಅವನನ್ನು ದೂರಲು ನನಗೆ ಮನಸ್ಸಿಲ್ಲ. ಆದರೆ ಉಳಿಸಿದೆವು ಎಂಬ ವಾದ ಅರ್ಧಕ್ಕೇ ನಿಲ್ಲುತ್ತದೆ. ಬೆಳ್ಳಿ ಉಳಿಯಿತು, ಸುದ್ದಿ ಉಳಿಯಲಿಲ್ಲ. ಪ್ರಶ್ನೆ ಕೇಳದೆ ಕೊಳ್ಳುವವರು ಇರುವ ತನಕ ಮಧ್ಯವರ್ತಿಗೆ ಆ ಸುದ್ದಿಯನ್ನು ಮುಚ್ಚಿಡುವುದೇ ಲಾಭ, ಏಕೆಂದರೆ ಊರು ಹೇಳಿದರೆ ಕಾಯ್ದೆಯೂ ಹಿಂಬಾಲಿಸುತ್ತದೆ.

ದುಬಾರಿ ಹವ್ಯಾಸಕ್ಕೆ ಇನ್ನೊಂದು ಖರ್ಚು ಹೇರಬೇಡಿ ಎನ್ನುವವರೂ ಇದ್ದಾರೆ. ಇಲ್ಲಿ ಬೇಕಾದದ್ದು ಹಣವಲ್ಲ. 1972ರ ಪುರಾವಸ್ತು ಕಾಯ್ದೆ ನೂರು ವರ್ಷ ದಾಟಿದ ನಾಣ್ಯ ಇಟ್ಟುಕೊಳ್ಳುವುದನ್ನು ತಡೆಯುವುದಿಲ್ಲ. ವ್ಯಾಪಾರಕ್ಕೆ ಪರವಾನಗಿ ಬೇಕೆನ್ನುತ್ತದೆ, ಖಾಸಗಿಯವರು ಹೊರದೇಶಕ್ಕೆ ಸಾಗಿಸುವುದನ್ನು ನಿಷೇಧಿಸುತ್ತದೆ. ಪರವಾನಗಿ ಇದ್ದವರಲ್ಲಿ ರಸೀದಿ ಪಡೆದು ಕೊಳ್ಳುವುದು, ಎಲ್ಲಿ ಸಿಕ್ಕಿತೆಂದು ಕೇಳುವುದು, ಉತ್ತರ ಬರದಿದ್ದರೆ ಎದ್ದು ಬರುವುದು, ತೂಕ ಅಳೆದು ಎರಡೂ ಬದಿಯ ಚಿತ್ರ ತೆಗೆದಿಡುವುದು, ತೊಳೆಯದಿರುವುದು: ಬೇಕಾದದ್ದು ಇಷ್ಟೇ. ನಹಪಾನನ ಒಂದು ನಾಣ್ಯ ಸುಮಾರು ಎರಡು ಗ್ರಾಂ ತೂಗುತ್ತದೆ. ಅದರ ಜೊತೆ ಲಕೋಟೆಯಲ್ಲಿ ಊರಿನ ಹೆಸರು, ಸಿಕ್ಕ ವರ್ಷ ಬರೆದ ಚೀಟಿಯಿದ್ದರೆ, ಮುಂದೆ ಅದೇ ಹೊಲದಿಂದ ಬಂದ ಇನ್ನೊಂದು ನಾಣ್ಯ ಹೊಂದಿರುವ ಯಾರೋ ಅಪರಿಚಿತರಿಗೆ ಅವೆರಡೂ ಒಂದೇ ಮಡಕೆಯವೆಂದು ಗೊತ್ತಾಗಬಹುದು.