ಪಹಣಿ ಕಂಪ್ಯೂಟರ್‌ಗೆ ಹೋದಾಗ ಲೆಕ್ಕಿಗರಿಗೆ ಏನು ಉಳೀತು?

ಕಚೇರಿಗೆ ಹೊಸ ತಂತ್ರಾಂಶ ಬಂದ್ರೆ ನೌಕರರು ಯಾಕೆ ಹೆದರ್ತಾರೆ? ಉದಾಹರಣೆಗೆ ದೂರ ಹೋಗೋದು ಬೇಡ. ನಮ್ಮ ಮಧುಗಿರಿ ಉಪವಿಭಾಗದ ನಾಲ್ಕು ತಾಲ್ಲೂಕುಗಳನ್ನೇ ನೋಡೋಣ: ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ.

ಮೊದಲು ಪಹಣಿ ಬೇಕಂದ್ರೆ ರೈತರು ಗ್ರಾಮ ಲೆಕ್ಕಿಗರನ್ನ ಹುಡುಕ್ಕೊಂಡು ಹೋಗ್ಬೇಕಿತ್ತು. ಪುಸ್ತಕ ಅವರ ಹತ್ರ, ಬರೆದು ಕೊಡೋದೂ ಅವರೇ. 2000ದ ಆಸುಪಾಸಿನಲ್ಲಿ ರಾಜ್ಯದ ಎಲ್ಲ ತಾಲ್ಲೂಕುಗಳಂತೆ ಇಲ್ಲಿಗೂ ‘ಭೂಮಿ’ ಯೋಜನೆ ಬಂತು. ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿಗೆ ಮುದ್ರಿತ ಪಹಣಿ ಸಿಗೋಕೆ ಶುರುವಾಯ್ತು. ಕೈಬರಹದ ಪಹಣಿಗೆ ಮಾನ್ಯತೆ ಹೋಯ್ತು. ಲೆಕ್ಕಿಗರ ಕೈತಪ್ಪಿದ್ದು ಬರವಣಿಗೆ ಮಾತ್ರ ಅಲ್ಲ, ಊರಲ್ಲಿದ್ದ ಹಿಡಿತವೂ ಹೌದು.

ಆದ್ರೆ ಕೆಲಸ ಹೋಗ್ಲಿಲ್ಲ. ಹಳೇ ಪುಸ್ತಕದ ದಾಖಲೆ ಕಂಪ್ಯೂಟರ್‌ಗೆ ಸೇರಿಸುವಾಗ ತಪ್ಪು ಗುರುತಿಸೋಕೆ ಅವರೇ ಬೇಕಾಯ್ತು. ಜಮೀನಿಗೆ ಹೋಗಿ ಬೆಳೆ ನೋಡೋದು, ಸ್ಥಳದಲ್ಲಿ ವಿಚಾರಣೆ ಮಾಡೋದು ಅವರ ಪಾಲಿಗೇ ಉಳೀತು. ಇಂಥದ್ದನ್ನ ನೌಕರರನ್ನ ಕೂರಿಸಿ ಮೊದಲೇ ಹೇಳಿದ್ರೆ ಅರ್ಧ ಭಯ ಕಮ್ಮಿ ಆಗುತ್ತೆ.

ಉಳಿದರ್ಧ ಸಲಕರಣೆಯದ್ದು. ಲೆಕ್ಕಿಗರು ಈಗ ಗ್ರಾಮ ಆಡಳಿತ ಅಧಿಕಾರಿಗಳು. 2024ರ ಸೆಪ್ಟೆಂಬರ್‌ನಲ್ಲಿ ಅವರು ರಾಜ್ಯಾದ್ಯಂತ ಮುಷ್ಕರ ಹೂಡಿದ್ರು. ಹತ್ತಾರು ಆ್ಯಪ್‌ಗಳಲ್ಲಿ ಕೆಲಸ ಮಾಡಿಸ್ತೀರಿ, ಅದಕ್ಕೆ ಬೇಕಾದ ಮೊಬೈಲ್, ಲ್ಯಾಪ್‌ಟಾಪ್, ಇಂಟರ್‌ನೆಟ್ ಕೊಡಿ ಅನ್ನೋದು ಅವರ ಬೇಡಿಕೆಗಳಲ್ಲೊಂದು.

ಹಾಗಾಗಿ ಕಚೇರಿ ಇರಲಿ, ಕಾರ್ಖಾನೆ ಇರಲಿ, ಆದೇಶ ಹೊರಡಿಸೋ ಮೊದಲು ಮೂರು ಮಾತು ಹೇಳಿ: ಯಾವ ಕೆಲಸ ಹೋಗುತ್ತೆ, ಯಾವುದು ಉಳಿಯುತ್ತೆ, ಹೊಸ ಕೆಲಸಕ್ಕೆ ನಾವೇನು ಕೊಡ್ತೀವಿ.